ಹೊಳೆಗೆ ಕೊಳಕು ನೀರು ಬಿಡುತ್ತಿದ್ದಾರೆ, ದೂರು ಕೊಡುವುದು ಹೇಗೆ? ಕೊಡಗಿನವರಿಗೆ ಹಂತ ಹಂತದ ಮಾರ್ಗದರ್ಶಿ

ಕೊಡಗಿನಲ್ಲಿ ಹೊಳೆ ಕೆಟ್ಟಿದೆ ಎಂದು ದೂರುವವರಿಗೆ ಕೊರತೆಯಿಲ್ಲ. ದೂರು ಕೊಟ್ಟು ಕೊಳವೆ ಮುಚ್ಚಿಸಿದವರು ಮಾತ್ರ ಕಡಿಮೆ. ವಿಡಿಯೋ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಅರ್ಜಿ ಸಂಬಂಧವಿಲ್ಲದ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಸರಿಯಾದ ಟೇಬಲ್‌ಗೆ ಬರುವಷ್ಟರಲ್ಲಿ ನೀರು ತಿಳಿಯಾಗಿರುತ್ತದೆ. ಕೊನೆಗೆ ‘ಸ್ಥಳ ಪರಿಶೀಲಿಸಲಾಗಿದೆ, ಮಾಲಿನ್ಯ ಕಂಡುಬಂದಿಲ್ಲ’ ಎಂಬ ಒಂದು ಸಾಲು ಬರುತ್ತದೆ, ಕಡತ ಮುಚ್ಚಿತು.

ಕಾನೂನು ಇಲ್ಲ ಎಂದಲ್ಲ. 1974ರ ಜಲ ಕಾಯ್ದೆ ಸಾಕಷ್ಟು ಗಟ್ಟಿಯಾಗಿದೆ. ಸೋಲುವುದು ಕೆಲಸದ ಕ್ರಮದಲ್ಲಿ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ದಿನದೊಳಗೆ ಎನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಕ್ರಮ ಇಲ್ಲಿದೆ.

ಕೈಯಲ್ಲಿ ಇರಬೇಕಾದವು

ಜಾಸ್ತಿ ಏನೂ ಬೇಡ. ಜಾಗ, ದಿನಾಂಕ, ಸಮಯ ಫೋಟೋ ಮೇಲೆಯೇ ಬರುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಇರುವ ಮೊಬೈಲ್. ಒಂದು ನೋಟ್‌ಬುಕ್. ನೀರಿನ ಹುಳಿ ಅಳೆಯುವ ಪಿಎಚ್ ಪೇಪರ್, ಇದು ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಬಣ್ಣವಿಲ್ಲದ ಗಾಜಿನ ಬಾಟಲಿ ಒಂದೆರಡು. ಜಾಗದ ಸರ್ವೆ ನಂಬರ್, ಇದನ್ನು ಸರ್ಕಾರದ ಭೂದಾಖಲೆ ತಾಣ ‘ಭೂಮಿ’ ಅಥವಾ ದಿಶಾಂಕ್ ಆ್ಯಪ್‌ನಲ್ಲಿ ನೋಡಬಹುದು. ಜೊತೆಗೆ ಇನ್ನೊಬ್ಬರು. ಸಾಕ್ಷಿಗೂ ಆಯಿತು, ಧೈರ್ಯಕ್ಕೂ ಆಯಿತು. ಬೆಳಗಿನ ಜಾವ ತೋಟದ ದಾರಿಯಲ್ಲಿ ಆನೆ ಎದುರಾಗುವ ಊರು ನಮ್ಮದು, ಒಬ್ಬರೇ ಹೋಗಲೇಬೇಡಿ.

ಹಂತ 1: ಏನು ಬರುತ್ತಿದೆ ಎಂದು ಮೊದಲು ಗುರುತಿಸಿ

‘ನೀರು ಕೆಟ್ಟಿದೆ’ ಎಂದು ಬರೆದರೆ ಯಾವ ಕಚೇರಿಯೂ ತನ್ನದೆಂದು ಒಪ್ಪುವುದಿಲ್ಲ. ಯಾವ ಕೊಳಕು ಎನ್ನುವುದರ ಮೇಲೆ ಕಚೇರಿ ಬದಲಾಗುತ್ತದೆ.

ಪಲ್ಪಿಂಗ್ ನೀರು (ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ ಬರುವುದು): ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ನಿಂದ ಬೇಸಿಗೆ ಹತ್ತಿರ ಬರುವವರೆಗೆ ಇದರ ಕಾಲ. ಕಾಫಿ ಹಣ್ಣಿನ ಸಿಪ್ಪೆ, ಲೋಳೆ, ಸಕ್ಕರೆ ಎಲ್ಲ ಸೇರಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ನಿಂತರೆ ಕಪ್ಪಾಗುತ್ತದೆ. ಹುಳಿ ಹಿಡಿದ ವಾಸನೆ ದೂರಕ್ಕೇ ಗೊತ್ತಾಗುತ್ತದೆ. ಪಿಎಚ್ ಪೇಪರ್ ಅದ್ದಿದರೆ ಹುಳಿಯ ಕಡೆಗೆ ಓಡುತ್ತದೆ. ಈ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಮೀನು ಸಾಯುವುದು ಬಹುಮಟ್ಟಿಗೆ ವಿಷದಿಂದಲ್ಲ, ಉಸಿರುಕಟ್ಟಿ. ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮೊದಲು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಎಚ್ಚರಿಕೆಯ ಮೊದಲ ಗುರುತು. ಅಷ್ಟರಲ್ಲೇ ಫೋನ್ ಮಾಡಿದರೆ ಮೀನಾದರೂ ಉಳಿಯಬಹುದು.

ಕೊಳಚೆ ನೀರು: ಪಟ್ಟಣದ ಚರಂಡಿ, ಲಾಡ್ಜ್, ರೆಸಾರ್ಟ್, ಹೋಂಸ್ಟೇ, ಲೈನ್ ಮನೆಗಳ ಶೌಚದ ನೀರು. ವರ್ಷವಿಡೀ ಬರುತ್ತದೆ. ಶನಿವಾರ, ಭಾನುವಾರ ಪ್ರವಾಸಿಗರು ಬಂದಾಗ ಜಾಸ್ತಿಯಾಗುತ್ತದೆ. ನೀರು ಬೂದು ಬಣ್ಣ. ಕಲ್ಲಿನ ಮೇಲೆ ಹತ್ತಿಯ ಎಳೆಯಂಥ ಬೂದು ಪಾಚಿ ಜೋತಾಡುತ್ತಿದ್ದರೆ ಕೊಳಚೆ ವಾರಗಳಿಂದ ಬರುತ್ತಿದೆ ಎಂದು ಅರ್ಥ. ಅದರ ಹತ್ತಿರದ ಫೋಟೋ ತೆಗೆಯಿರಿ. ‘ಇವತ್ತು ಮಾತ್ರ ಮೋಟಾರ್ ಕೆಟ್ಟಿತ್ತು’ ಎಂಬ ಸಬೂಬಿಗೆ ಅದೇ ಉತ್ತರ.

ಸೆಪ್ಟಿಕ್ ಟ್ಯಾಂಕ್ ಲಾರಿ: ರಾತ್ರಿ ಸೇತುವೆ ಪಕ್ಕ ನಿಲ್ಲಿಸಿ ಪೈಪ್ ಬಿಡುತ್ತಾರೆ. ಇಲ್ಲಿ ಬೇಕಾದ್ದು ನೀರಿನ ಫೋಟೋ ಅಲ್ಲ, ಲಾರಿಯ ನಂಬರ್.

ಮೋಸ ಮಾಡುವ ಗುರುತುಗಳೂ ಇವೆ. ಮಳೆಗಾಲದಲ್ಲಿ ಕಾವೇರಿಯೂ ಲಕ್ಷ್ಮಣ ತೀರ್ಥವೂ ಕೆಂಪಾಗುವುದು ಸಹಜ. ಬರೀ ಬಣ್ಣ ನೋಡಿ ಜುಲೈನಲ್ಲಿ ದೂರು ಕೊಟ್ಟರೆ ನಗುತ್ತಾರೆ. ಮಳೆಯಿಲ್ಲದ ವಾರ ಒಂದು ತೋಡು ಮಾತ್ರ ಕೆಂಪಾಗಿದ್ದರೆ ಮೇಲೆ ಎಲ್ಲೋ ಜೆಸಿಬಿ ಗುಡ್ಡ ಅಗೆಯುತ್ತಿದೆ ಎಂದು ಹುಡುಕಿ. ನಿಂತ ನೀರಿನ ಮೇಲೆ ಎಣ್ಣೆಯ ಹಾಗೆ ಹೊಳೆಯುವ ಪದರ ಕಂಡರೆ ಕಡ್ಡಿಯಿಂದ ತಟ್ಟಿ. ಚೂರು ಚೂರಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದಂಶದ ಮಣ್ಣಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ಪೊರೆ. ಮತ್ತೆ ಒಂದಾಗಿ ಕೂಡಿಕೊಂಡರೆ ನಿಜವಾದ ಎಣ್ಣೆ.

ಹಂತ 2: ಹೊಳೆ ಹರಿದುಹೋಗುವ ಮೊದಲೇ ದಾಖಲೆ ಮಾಡಿ

ಮೂರು ಜಾಗದ ಫೋಟೋ ಬೇಕೇ ಬೇಕು: ಕೊಳವೆಗಿಂತ ಮೇಲೆ, ಕೊಳವೆ ಸೇರುವ ಜಾಗ, ಕೊಳವೆಗಿಂತ ಕೆಳಗೆ. ಮೇಲಿನ ನೀರು ತಿಳಿಯಾಗಿದೆ ಎಂದು ತೋರಿಸದಿದ್ದರೆ ‘ನಮಗಿಂತ ಮೇಲಿನವರು ಬಿಟ್ಟದ್ದು’ ಎಂದು ಜಾರಿಕೊಳ್ಳುತ್ತಾರೆ. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಈ ಒಂದು ಫೋಟೋ ಇಲ್ಲದೆ.

ವಿಡಿಯೋ ಮಾಡಿದರೆ ಮಧ್ಯೆ ನಿಲ್ಲಿಸದೆ ಮಾಡಿ. ರಸ್ತೆ, ಸೇತುವೆ ಅಥವಾ ಮೈಲಿಗಲ್ಲಿನಂಥ ಗುರುತಿನಿಂದ ಶುರುಮಾಡಿ ಕೊಳವೆಯ ಬಾಯಿಯವರೆಗೆ ಒಂದೇ ಓಟ. ಮೂಲ ಫೈಲ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗುತ್ತದೆ, ಜಾಗ ಮತ್ತು ಸಮಯದ ಮಾಹಿತಿ ಕಳಚಿಹೋಗುತ್ತದೆ. ಮುಂದೆ ಕೋರ್ಟ್‌ಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಯಾವ ಫೋನ್‌ನಲ್ಲಿ ತೆಗೆದದ್ದು, ಯಾರು ತೆಗೆದದ್ದು ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಬೇರೆಯವರ ತೋಟದೊಳಗೆ ನುಗ್ಗಬೇಡಿ. ಅತಿಕ್ರಮ ಪ್ರವೇಶ ಎಂದು ನಿಮ್ಮ ಮೇಲೆಯೇ ಕೇಸ್ ತಿರುಗುತ್ತದೆ. ರಸ್ತೆ, ಸೇತುವೆ, ಪಂಚಾಯಿತಿ ದಾರಿ, ಇಲ್ಲವೇ ಕೆಳಗಿನ ನಿಮ್ಮದೇ ಜಾಗದಲ್ಲಿ ನಿಂತು ತೆಗೆಯಿರಿ.

‘ಅದು ಹೊಳೆಯೇ ಅಲ್ಲ, ಬೇಸಿಗೆಯಲ್ಲಿ ಒಣಗುವ ತೋಡು’ ಎಂಬ ಮಾತು ಬಂದೇ ಬರುತ್ತದೆ. ಜಲ ಕಾಯ್ದೆಯ ಕಲಂ 2ರ ವ್ಯಾಖ್ಯಾನದಲ್ಲಿ ಸದ್ಯಕ್ಕೆ ಒಣಗಿರುವ ನೀರಿನ ಹಾದಿಯೂ ಸೇರುತ್ತದೆ. ಕೆರೆ ಸೇರುತ್ತದೆ, ನೆಲದಡಿಯ ನೀರೂ ಸೇರುತ್ತದೆ. ಇಂಗುಗುಂಡಿ ಮಾಡಿ ಪಕ್ಕದ ಮನೆ ಬಾವಿ ಕೆಡಿಸಿದವರೂ ಕಾನೂನಿನ ಒಳಗೇ ಬರುತ್ತಾರೆ.

ಹಂತ 3: ಕಚೇರಿ ಆರಿಸಿ

ಎಲ್ಲರಿಗೂ ಒಂದೇ ಅರ್ಜಿ ಹಂಚುವುದು ನಮ್ಮ ಅಭ್ಯಾಸ. ಹಾಗೆ ಮಾಡಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಕೂರುತ್ತಾರೆ. ಒಬ್ಬರನ್ನು ಮುಖ್ಯವಾಗಿ ಹಿಡಿಯಿರಿ, ಉಳಿದವರಿಗೆ ಪ್ರತಿ ಕಳಿಸಿ.

ಪಲ್ಪಿಂಗ್ ಘಟಕ, ಕಾಫಿ ಕ್ಯೂರಿಂಗ್, ರೆಸಾರ್ಟ್, ಹೋಟೆಲ್, ಆಸ್ಪತ್ರೆ: ಮಡಿಕೇರಿಯಲ್ಲಿರುವ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಪರಿಸರ ಅಧಿಕಾರಿಯ ಹೆಸರಿಗೆ. ಪಟ್ಟಣದ ಚರಂಡಿ ನೇರ ಹೊಳೆಗೆ ಬಿದ್ದರೆ ಅಲ್ಲಿನ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ, ಮಂಡಳಿಗೆ ಪ್ರತಿ. ಹಳ್ಳಿಯಲ್ಲಾದರೆ ಪಿಡಿಒ, ಪ್ರತಿ ತಾಲ್ಲೂಕು ಪಂಚಾಯಿತಿ ಇಒಗೆ. ಹಾರಂಗಿ ಜಲಾಶಯದ ಹಿನ್ನೀರಾದರೆ ಕಾವೇರಿ ನೀರಾವರಿ ನಿಗಮವನ್ನೂ ಸೇರಿಸಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯದೊಳಗೆ ಆದರೆ ಅರಣ್ಯ ಇಲಾಖೆ. ಅಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಜೊತೆಗಿರುತ್ತದೆ.

ಕುಶಾಲನಗರದವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಕಾವೇರಿಯೇ ಜಿಲ್ಲೆಯ ಗಡಿ. ಆಚೆ ದಡ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಕೊಳವೆ ಯಾವ ದಡದಲ್ಲಿದೆಯೋ ಆ ಜಿಲ್ಲೆಯ ಕಚೇರಿಗೆ ಅರ್ಜಿ ಹೋಗಬೇಕು. ಸುಮ್ನೆ ಮಡಿಕೇರಿಗೆ ಕೊಟ್ಟರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಬರುತ್ತದೆ.

ಅರ್ಜಿಗೆ ಮೊದಲು ಮಾತಾಡಬೇಕೇ? ಚಿಕ್ಕ ತೋಟದವರು, ಪಕ್ಕದವರು, ಮೊದಲ ಸಲ ಪಲ್ಪರ್ ಹಾಕಿದವರಾದರೆ ಹೌದು. ಎಷ್ಟೋ ಕಡೆ ಕೊಳಕು ನೀರು ನಿಲ್ಲಿಸುವ ಗುಂಡಿಯ ಏರಿ ಡಿಸೆಂಬರ್ ಮಳೆಗೆ ಒಡೆದಿರುತ್ತದೆ. ಹೊಳೆಯಿಂದ ದೂರ ಗುಂಡಿ ತೋಡಿ, ತಳಕ್ಕೆ ಶೀಟ್ ಹಾಸಿ, ಸುಣ್ಣ ಹಾಕಿ ಹುಳಿ ಇಳಿಸಿ, ಅದೇ ನೀರನ್ನು ಮತ್ತೆ ಪಲ್ಪರ್‌ಗೆ ಬಳಸಿದರೆ ಹೊರಬರುವ ಕೊಳಕಿನ ಪ್ರಮಾಣ ಇಳಿಯುತ್ತದೆ. ನೆಂಟರಿಷ್ಟರ ಊರಿದು, ಮುಂದೆಯೂ ಮುಖ ನೋಡಬೇಕಲ್ವಾ? ಆದರೆ ರಾತ್ರಿ ಲಾರಿಯವರ ಹತ್ತಿರ, ಗೊತ್ತಿದ್ದೂ ಪೈಪ್ ಹೂತಿಟ್ಟವರ ಹತ್ತಿರ ಮಾತಿಗೆ ಹೋಗಬೇಡಿ. ಸಾಕ್ಷಿ ಅಳಿಸಲು ಅವರಿಗೆ ಸಮಯ ಕೊಟ್ಟ ಹಾಗಾಗುತ್ತದೆ.

ಹಂತ 4: ಅದೇ ದಿನ ಫೋನ್, ಮರುದಿನ ಅರ್ಜಿ

ನೀರು ಹರಿಯುತ್ತಿರುವಾಗಲೇ ಕಚೇರಿಗೆ ಫೋನ್ ಮಾಡಿ. ಮಾತಾಡಿದವರ ಹುದ್ದೆ, ಸಮಯ ಬರೆದುಕೊಳ್ಳಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ದಾಖಲಿಸಿ, ದೂರಿನ ಸಂಖ್ಯೆ ಸಿಗುತ್ತದೆ. ಲಾರಿಯಿಂದ ಸುರಿಯುತ್ತಿದ್ದರೆ ಅಥವಾ ಕುಡಿಯುವ ನೀರಿನ ಮೂಲಕ್ಕೇ ಬಿಡುತ್ತಿದ್ದರೆ 112. ಸಾರ್ವಜನಿಕ ಚಿಲುಮೆ, ಕೆರೆಯ ನೀರು ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 279ರಲ್ಲಿ ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಲಿಖಿತ ಅರ್ಜಿ ಒಂದು ಪುಟ ಮೀರಬಾರದು. ಕಾವೇರಿ ತಾಯಿಯ ಮಹಿಮೆ, ಪುರಾಣ ಎಲ್ಲ ಬೇಡ. ಓದುವವರಿಗೆ ಬೇಕಾದ್ದು ಜಾಗ, ಸಮಯ, ಕೊಳವೆ, ಬೇಡಿಕೆ. ಮಾದರಿ ಹೀಗಿರಲಿ:

‘(ದಿನಾಂಕ)ದಂದು ಬೆಳಿಗ್ಗೆ (ಸಮಯ)ಕ್ಕೆ (ಗ್ರಾಮ), ಸರ್ವೆ ನಂಬರ್ (...)ರಲ್ಲಿರುವ ಘಟಕದ ಕೊಳವೆಯಿಂದ ಕಂದು ಬಣ್ಣದ, ಹುಳಿ ವಾಸನೆಯ ನೀರು (ಹೊಳೆಯ ಹೆಸರು) ಸೇರುತ್ತಿತ್ತು. ಇದು 1974ರ ಜಲ ಕಾಯ್ದೆ ಕಲಂ 24ರ ಉಲ್ಲಂಘನೆ. ಕಲಂ 21ರಂತೆ ಸ್ಯಾಂಪಲ್ ತೆಗೆಯಬೇಕು. ನೀರು ಬಿಡಲು ಮಂಡಳಿ ಕೊಡುವ ಕಲಂ 25ರ ಸಮ್ಮತಿ ಪತ್ರ ಇದೆಯೇ ಎಂದು ಪರಿಶೀಲಿಸಬೇಕು. ಕಲಂ 33ಎ ಅಡಿ ನಿರ್ದೇಶನ ನೀಡಬೇಕು. ಪರಿಶೀಲನೆಯ ಸಮಯದಲ್ಲಿ ನನಗೆ ತಿಳಿಸಬೇಕು. ಫೋಟೋ ಮತ್ತು ನಕ್ಷೆ ಲಗತ್ತಿಸಿದೆ.’

ಇದರಲ್ಲಿ ಕಲಂ 33ಎ ಎನ್ನುವುದು ಮಂಡಳಿಯ ಕೈಯಲ್ಲಿರುವ ದೊಡ್ಡ ಅಸ್ತ್ರ. ಘಟಕ ಮುಚ್ಚಿ ಎಂದು ಹೇಳಬಹುದು, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿತಗೊಳಿಸಲು ಹೇಳಬಹುದು. ಅರ್ಜಿಯಲ್ಲಿ ಹೆಸರು ಹಿಡಿದು ಕೇಳದಿದ್ದರೆ ಬಹುತೇಕ ನೋಟಿಸ್‌ಗೇ ಮುಗಿಯುತ್ತದೆ.

ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ರಸೀದಿ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಿ. ಹೆಸರು ಹೊರಬರುವ ಭಯವಿದ್ದರೆ ‘ದೂರುದಾರರ ವಿವರ ಗೌಪ್ಯವಾಗಿಡಿ’ ಎಂದು ಮೇಲೆಯೇ ಬರೆಯಿರಿ. ಹೆಸರೇ ಹಾಕದ ಮೂಕರ್ಜಿಯ ಗತಿ ಎಲ್ಲರಿಗೂ ಗೊತ್ತಿದೆ.

ಹಂತ 5: ಸ್ಯಾಂಪಲ್ ವಿಷಯದಲ್ಲಿ ಎಡವಬೇಡಿ

ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ತಾವೇ ಬಾಟಲಿಯಲ್ಲಿ ನೀರು ಹಿಡಿದು, ಮೈಸೂರಿನ ಲ್ಯಾಬ್‌ಗೆ ಕೊಟ್ಟು, ವರದಿ ಹಿಡಿದು ಕೋರ್ಟ್‌ಗೆ ಹೋಗುತ್ತಾರೆ. ಜಲ ಕಾಯ್ದೆಯಡಿ ಕೊಳವೆಯವರ ಮೇಲೆ ಮೊಕದ್ದಮೆ ನಡೆಯಬೇಕಾದರೆ ಸ್ಯಾಂಪಲ್ಲನ್ನು ಕಲಂ 21ರ ಕ್ರಮದಲ್ಲೇ ತೆಗೆದಿರಬೇಕು. ಮಂಡಳಿಯ ಅಧಿಕಾರಿಯೇ ತೆಗೆಯಬೇಕು. ಘಟಕದವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರಿಗೆ ನೀರನ್ನು ಎರಡು ಪಾಲು ಮಾಡಿ, ಸೀಲ್ ಹಾಕಿ, ಎರಡೂ ಕಡೆಯವರು ಸಹಿ ಹಾಕಬೇಕು. ಈ ಕ್ರಮ ತಪ್ಪಿದರೆ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಅಧಿಕಾರಿ ಬಂದಾಗ ನೀವು ಸ್ಥಳದಲ್ಲಿದ್ದರೆ ಇದೆಲ್ಲ ನಡೆಯಿತೇ ಎಂದು ನೋಡಿ, ಸಮಯ ಬರೆದಿಡಿ. ಜಗಳ ಬೇಡ, ನೋಡಿದರೆ ಸಾಕು.

ಹಾಗಾದರೆ ನಿಮ್ಮ ಬಾಟಲಿ ದಂಡವೇ? ಅಲ್ಲ. ಮಂಡಳಿಯನ್ನು ಸ್ಥಳಕ್ಕೆ ಎಳೆದು ತರಲು, ಪರಿಸರ ಪ್ರಕರಣ ನಡೆಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಮೊದಲ ನೋಟಕ್ಕೆ ವಿಷಯ ಗಂಭೀರ ಎಂದು ತೋರಿಸಲು ಅದು ಬೇಕು. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೇ ಕೊಡಿ. ಬಾಟಲಿ ಯಾವುದು, ಎಷ್ಟು ನೀರು ಎಂದು ಮೊದಲೇ ಅವರನ್ನು ಕೇಳಿ. ಮಲದ ಕೊಳಕಿನ ಗುರುತಾದ ಕೋಲಿಫಾರ್ಮ್ ಸೂಕ್ಷ್ಮಜೀವಿಯ ಪರೀಕ್ಷೆಗೆ ಲ್ಯಾಬ್‌ನವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು, ಮನೆಯ ಮಿನರಲ್ ವಾಟರ್ ಬಾಟಲಿ ನಡೆಯುವುದಿಲ್ಲ. ಐಸ್ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಕರಗಿದ ಆಮ್ಲಜನಕವನ್ನು ಹೊಳೆಯ ಹತ್ತಿರವೇ ಮೀಟರ್‌ನಲ್ಲಿ ಅಳೆಯಬೇಕು, ಹಾಗೇ ಬಾಟಲಿಯಲ್ಲಿ ಹಿಡಿದು ಮೈಸೂರಿಗೆ ಒಯ್ದರೆ ಆ ಅಂಕಿ ನಂಬುವಂತಿರುವುದಿಲ್ಲ. ಕುಡಿಯುವ ನೀರಾದರೆ ಪಂಚಾಯಿತಿಯಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ, ಅದು ಉಚಿತ.

ವರದಿ ಬಂದ ಮೇಲೆ ಇನ್ನೊಂದು ತಪ್ಪು ನಡೆಯುತ್ತದೆ. ಕೊಳವೆಯ ನೀರನ್ನು ಹೊಳೆಯ ಗುಣಮಟ್ಟದ ಜೊತೆ ಹೋಲಿಸುತ್ತಾರೆ. ಎರಡಕ್ಕೂ ಬೇರೆ ಬೇರೆ ಅಳತೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ ಹೊಳೆಗೆ ಬಿಡುವ ನೀರಿನಲ್ಲಿ ಬಿಒಡಿ (ಕೊಳಕನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ, ಸಿಒಡಿ (ಕೊಳಕನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕ) 250, ತೇಲುವ ಘನವಸ್ತು 100 ಮೀರಬಾರದು. ಪಿಎಚ್ 5.5ರಿಂದ 9ರೊಳಗೆ ಇರಬೇಕು. ಸಮ್ಮತಿ ಪತ್ರದಲ್ಲಿ ಬೇರೆ ಮಿತಿ ಹಾಕಿದ್ದರೆ ಆ ಘಟಕಕ್ಕೆ ಅದೇ ಲೆಕ್ಕ. ಹೊಳೆಯ ನೀರಿಗಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ದರ್ಜೆಗಳಿವೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಗೆ ಬಿಒಡಿ 3 ಅಥವಾ ಕಡಿಮೆ, ಕರಗಿದ ಆಮ್ಲಜನಕ 5 ಅಥವಾ ಹೆಚ್ಚು, 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ 500ರೊಳಗೆ. ಕೊಳವೆಯಲ್ಲಿ ಬಿಒಡಿ 20 ಬಂತು ಎಂದು ಕೂಗಾಡಿದರೆ ಎದುರು ಪಕ್ಷದ ವಕೀಲರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಹಂತ 6: ಉತ್ತರ ಬರಲಿಲ್ಲವೇ? ಆರ್‌ಟಿಐ ಹಾಕಿ

15 ದಿನ ಕಾಯಿರಿ, ಒಂದು ಜ್ಞಾಪನ ಪತ್ರ ಕೊಡಿ. ಅಷ್ಟರಲ್ಲೇ ಮಾಹಿತಿ ಹಕ್ಕಿನ ಅರ್ಜಿಯೂ ಹೋಗಲಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಾಲ್ಕು ವಿಷಯ ತುರುಕಿದ ಅರ್ಜಿ ತಿರಸ್ಕಾರವಾಗುತ್ತದೆ.

‘ಯಾಕೆ ಕ್ರಮ ತೆಗೆದುಕೊಂಡಿಲ್ಲ’ ಎಂದು ಕೇಳಬೇಡಿ. ಅದು ಪ್ರಶ್ನೆ, ದಾಖಲೆ ಅಲ್ಲ. ಕಾಗದ ಕೇಳಿ: ಘಟಕದ ಸಮ್ಮತಿ ಪತ್ರದ ಪ್ರತಿ, ಅದರ ಷರತ್ತುಗಳು, ಅವಧಿ ಮುಗಿಯುವ ದಿನ, ನನ್ನ ದೂರಿನ ಮೇಲಿನ ಪರಿಶೀಲನಾ ವರದಿ, ಸ್ಯಾಂಪಲ್ ವರದಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯಲ್ಲಿ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಆರ್‌ಟಿಐಗಿಂತ ಬೇಗದ ದಾರಿಯೊಂದಿದೆ, ಬಳಸುವವರು ಕಡಿಮೆ. ಸಮ್ಮತಿಯ ಷರತ್ತುಗಳ ರಿಜಿಸ್ಟರ್ ಇಡಬೇಕು, ತೊಂದರೆಗೊಳಗಾದವರಿಗೆ ಅದನ್ನು ನೋಡಲು ಬಿಡಬೇಕು ಎಂದು ಕಲಂ 25ರಲ್ಲೇ ಇದೆ. ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ. ಘಟಕಕ್ಕೆ ಸಮ್ಮತಿಯೇ ಇಲ್ಲ ಎಂದು ಗೊತ್ತಾದರೆ ನೀರು ಎಷ್ಟು ಕೊಳಕು ಎಂಬ ವಾದವೇ ಬೇಕಾಗುವುದಿಲ್ಲ. ಸಮ್ಮತಿ ಬೇಕಾದ ಘಟಕ ಅದಿಲ್ಲದೆ ಹೊಳೆಗೆ ಕೊಳವೆ ಇಟ್ಟದ್ದೇ ತಪ್ಪು.

ಹಂತ 7: ಮುಂದಿನ ಮೆಟ್ಟಿಲು

ಬೇಗ ನಿಲ್ಲಿಸಬೇಕಾದರೆ ಉಪವಿಭಾಗಾಧಿಕಾರಿ. ಸಾರ್ವಜನಿಕ ಉಪದ್ರವ ತೆಗೆಯಲು ಷರತ್ತುಬದ್ಧ ಆದೇಶ ಮಾಡುವ ಅಧಿಕಾರ ಅವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಲ್ಲಿದೆ. ಹಿಂದೆ ಇದೇ ಸಿಆರ್‌ಪಿಸಿ 133 ಆಗಿತ್ತು. ಪಟ್ಟಣದ ಚರಂಡಿ ವಿಷಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ‘ಅನುದಾನ ಇಲ್ಲ’ ಎಂದು ಸ್ಥಳೀಯ ಸಂಸ್ಥೆ ಹೇಳಿದರೆ 1980ರ ರತ್ಲಾಂ ಪುರಸಭೆ ಪ್ರಕರಣ ತೋರಿಸಿ. ಹಣವಿಲ್ಲ ಎನ್ನುವುದು ಕರ್ತವ್ಯ ತಪ್ಪಿಸಿಕೊಳ್ಳಲು ಕಾರಣವಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ದಕ್ಷಿಣ ಪೀಠ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಪರಿಹಾರದ ಹಣ ಕೇಳದಿದ್ದರೆ ಶುಲ್ಕ 1,000 ರೂಪಾಯಿ. ಗಡುವನ್ನು ಮಾತ್ರ ಮರೆಯಬೇಡಿ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ ಕಲಂ 14ರಂತೆ ವಿವಾದ ಮೊದಲು ಹುಟ್ಟಿದ ದಿನದಿಂದ 6 ತಿಂಗಳು. ಸರಿಯಾದ ಕಾರಣವಿದ್ದರೆ ಇನ್ನು 60 ದಿನ. ಬೆಳೆ, ಜಾನುವಾರು, ಬಾವಿ ಹಾಳಾದದ್ದಕ್ಕೆ ಪರಿಹಾರ ಕೇಳುವುದಾದರೆ ಕಲಂ 15ರಲ್ಲಿ 5 ವರ್ಷ. ಪಂಚಾಯಿತಿ, ತಾಲ್ಲೂಕು, ಜಿಲ್ಲೆ ಎಂದು ಅಲೆಯುತ್ತಾ ಮುಂದಿನ ಕೊಯ್ಲು ಬರುವವರೆಗೆ ಕಾದವರು ಗಡುವು ಮುಗಿದ ಮೇಲೆ ಎದ್ದು ಕೂರುತ್ತಾರೆ. ನೋಟ್‌ಬುಕ್‌ನ ಮೊದಲ ಪುಟದಲ್ಲೇ 6 ತಿಂಗಳ ಕೊನೆಯ ದಿನಾಂಕ ದಪ್ಪಗೆ ಬರೆದಿಡಿ. ನಾಲ್ಕನೇ ತಿಂಗಳಿಗೆ ಅರ್ಜಿ ತಯಾರಿ ಶುರುವಾಗಬೇಕು.

ಇನ್ನೊಂದು ದಾರಿ ಜಲ ಕಾಯ್ದೆಯ ಕಲಂ 49. ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ನೀವೇ ದೂರು ಹೂಡಬಹುದು. ಇದಕ್ಕೆ ವಕೀಲರ ಸಲಹೆ ಬೇಕೇ ಬೇಕು, ಏಕೆಂದರೆ ಈ ಕಾಯ್ದೆಯ ಶಿಕ್ಷೆಯ ಭಾಗಕ್ಕೆ 2024ರಲ್ಲಿ ಸಂಸತ್ತು ದೊಡ್ಡ ತಿದ್ದುಪಡಿ ಮಾಡಿದೆ. ಹಳೆಯ ಪುಸ್ತಕ ನೋಡಿ ಜೈಲಿನ ಅವಧಿ ಬರೆಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಹಂತ 8: ಆದೇಶ ಬಂದ ಮೇಲೆ

ಮುಚ್ಚುವ ಆದೇಶ ಬಂದರೆ ಪ್ರತಿ ತೆಗೆದುಕೊಳ್ಳಿ. ವಿದ್ಯುತ್ ಕಡಿತಕ್ಕೆ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಪತ್ರ ಹೋಗಿದೆಯೇ ಎಂದು ಅಲ್ಲಿಯೇ ಕೇಳಿ. ಆದೇಶ ಕಡತದಲ್ಲಿ, ಪಲ್ಪರ್ ತೋಟದಲ್ಲಿ, ಎರಡೂ ಒಟ್ಟಿಗೆ ಓಡುವುದು ಅಪರೂಪವಲ್ಲ.

‘ಶುದ್ಧೀಕರಣ ಘಟಕ ಹಾಕಿದ್ದೇವೆ’ ಎಂದು ಮತ್ತೆ ಸಮ್ಮತಿ ಪಡೆದರೆ ಅದು ನಡೆಯುತ್ತಿದೆಯೇ ನೋಡಬೇಕು. ಗಾಳಿ ಊದುವ ಮೋಟಾರ್‌ನ ಸದ್ದಿಲ್ಲ, ಟ್ಯಾಂಕ್ ಒಣಗಿದೆ, ಗೋಡೆಯಲ್ಲಿ ನೀರಿನ ಕಲೆಯಿಲ್ಲ, ಆದರೆ ರೆಸಾರ್ಟ್ ತುಂಬಿದೆ ಎಂದರೆ ಘಟಕ ಪ್ರದರ್ಶನಕ್ಕೆ ಮಾತ್ರ. ಮಳೆನೀರಿನ ಚರಂಡಿ ಎಂದು ತೋರಿಸುವ ಕಾಲುವೆಯಲ್ಲಿ ಜನವರಿಯಲ್ಲೂ ನೀರು ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಕೆಲಸ ಮಾಡುವ ಶುದ್ಧೀಕರಣ ವ್ಯವಸ್ಥೆಯಿಲ್ಲದ ಘಟಕ ನಡೆಯಲು ಬಿಡಬಾರದು ಎಂದು 2017ರ ಫೆಬ್ರವರಿಯಲ್ಲಿ ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಮುಂದಿನ ಅರ್ಜಿಯಲ್ಲಿ ಅದನ್ನು ನಮೂದಿಸಿ.

ಪಲ್ಪಿಂಗ್ ಪ್ರಕರಣವಾದರೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲೇ ಒಂದು ಆರ್‌ಟಿಐ ಹಾಕಿ, ಆ ಘಟಕದ ಸಮ್ಮತಿ ನವೀಕರಣವಾಗಿದೆಯೇ ಎಂದು. ಉತ್ತರ ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಆಗಿಲ್ಲದಿದ್ದರೆ ಪಲ್ಪರ್ ತಿರುಗುವ ಮೊದಲೇ ದೂರು ಮಂಡಳಿಯ ಮೇಜಿನ ಮೇಲಿರುತ್ತದೆ.